ಜುಲೈ ತಿಂಗಳಲ್ಲಿ ಮಳೆ ಸೊನ್ನೆ

ಎಲ್ಲರಿಗೂ ನಮಸ್ಕಾರ. ಇಷ್ಟು ಮಳೆಯಲ್ಲೂ ಬಂದಿದ್ದೀರಿ, ಖುಷಿಯಾಯಿತು. ಕರೆಂಟ್ ಯಾವಾಗ ಕೈಕೊಡುತ್ತದೋ, ಸೀದಾ ಕಥೆಗೇ ಬರುತ್ತೇನೆ.

ನಮ್ಮ ಮಾವ ಸೋಮವಾರಪೇಟೆ ಕಡೆಯ ತೋಟದವರು. ದಿನಾ ಬೆಳಿಗ್ಗೆ ಮಳೆ ಅಳೆದು, ಇಂಚು ಸೆಂಟ್ ಲೆಕ್ಕದಲ್ಲಿ ಡೈರಿ ಬರೆಯುವವರು. ನಿಮಗೆ ಹೇಳಬೇಕಾಗಿಲ್ಲ, ಮದುವೆ ಮನೆಯಲ್ಲಿ ಸಿಕ್ಕರೂ ನಮ್ಮವರ ಮೊದಲ ಪ್ರಶ್ನೆ "ನಿಮ್ಮಲ್ಲಿ ಎಷ್ಟಾಯ್ತು?" ಅಂತಲೇ ಅಲ್ವಾ? ಮೊಮ್ಮಗಳು ಆ ಡೈರಿಯನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಟ್ಟಿದ್ದಳು. ನಾನು ಸುಮ್ನೆ ಇರಬೇಕಿತ್ತು. "ಮಳೆ ಅನ್ನೋ ಪದ ಎಷ್ಟು ಸಲ ಬಂದಿದೆ, ಒಂದು ನಿಮಿಷದಲ್ಲಿ ಹೇಳ್ತೀನಿ ಮಾವ" ಅಂದೆ.

ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ರೆಗ್ಯುಲರ್ ಎಕ್ಸ್‌ಪ್ರೆಶನ್, ಅಂದರೆ ಪಠ್ಯದಲ್ಲಿ ಹುಡುಕುವ ಮಾದರಿ ಬರೆದೆ. ಪದದ ಎರಡೂ ಕಡೆ ಪದದ ಗಡಿ ಗುರುತಿಸುವ ಬ್ಯಾಕ್‌ಸ್ಲ್ಯಾಷ್ ಬಿ, ಕೊನೆಗೆ ಎಲ್ಲವನ್ನೂ ಹುಡುಕು ಎನ್ನುವ ಜಿ ಫ್ಲ್ಯಾಗ್. ಜಿ ಇಲ್ಲದಿದ್ದರೆ ಮ್ಯಾಚ್ ಎಂಬ ಹುಡುಕುವ ಆಜ್ಞೆ ಮೊದಲು ಸಿಕ್ಕಿದ್ದನ್ನೇ ಹಿಡಿದು ಕೂತುಬಿಡುತ್ತದೆ. ಓಡಿಸಿದರೆ ಎರರ್! ಒಂದೂ ಸಿಗದಿದ್ದಾಗ ಮ್ಯಾಚ್ ಖಾಲಿ ಅರೇ, ಅಂದರೆ ಖಾಲಿ ಪಟ್ಟಿ ಕೊಡುವುದಿಲ್ಲ, ನಲ್, ಅಂದರೆ ಏನೂ ಇಲ್ಲ ಅನ್ನೋದನ್ನು ಕೊಡುತ್ತದೆ. ಎಣಿಕೆಗೆ ನಾನು ಕೇಳಿದ್ದು ಪಟ್ಟಿಯ ಲೆಂತ್, ಅಂದರೆ ಉದ್ದ. ನಲ್‌ಗೆ ಎಲ್ಲಿಯ ಲೆಂತ್? "ಅಥವಾ ಖಾಲಿ ಅರೇ" ಎಂದು ಸೇರಿಸಿದೆ. ಆಗ ಮರ್ಯಾದೆಯಾಗಿ ಸೊನ್ನೆ ಬಂತು. ಕೊಡಗು, ಜುಲೈ ತಿಂಗಳು, ಮಳೆ ಸೊನ್ನೆ! ಮಾವ ಕಿಟಕಿಯಾಚೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಮಾತಿಲ್ಲ.

ತಪ್ಪು ಬ್ಯಾಕ್‌ಸ್ಲ್ಯಾಷ್ ಬಿಯದು. ಅದಕ್ಕೆ ಪದದ ಅಕ್ಷರ ಅಂದರೆ ಇಂಗ್ಲಿಷಿನ ಎ ಇಂದ ಜೆಡ್, 0 ಇಂದ 9, ಅಂಡರ್‌ಸ್ಕೋರ್. ಅಷ್ಟೇ. ಕನ್ನಡ ಅಕ್ಷರವೂ ಖಾಲಿ ಜಾಗವೂ ಅದಕ್ಕೆ ಒಂದೇ. ಎಲ್ಲ ಭಾಷೆಗಳ ಅಕ್ಷರಗಳಿಗೂ ಕೋಡ್ ಕೊಡುವ ಯೂನಿಕೋಡನ್ನು ನೋಡು ಎನ್ನುವ ಯು ಫ್ಲ್ಯಾಗ್ ಹಾಕಿದರೂ ಬುದ್ಧಿ ಬದಲಾಗುವುದಿಲ್ಲ. ಅದಕ್ಕೇ ನಾನು ಹೇಳುವುದು, ಯಾವುದು ಪದ ಅಂತ ಮೊದಲು ನಾವು ತೀರ್ಮಾನಿಸಬೇಕು, ಎಣಿಕೆ ಆಮೇಲೆ.

ಸರಿ, ಬ್ಯಾಕ್‌ಸ್ಲ್ಯಾಷ್ ಬಿ ತೆಗೆದು "ಮರ" ಹುಡುಕಿದೆ. ಸಿಲ್ವರ್ ಓಕ್ ಮರ ಸಿಕ್ಕಿತು. ಜೊತೆಗೆ ಆನೆ ನೋಡಲು ಕಟ್ಟಿದ ಕ್ಯಾಮರಾ ಕೂಡ ಸಿಕ್ಕಿತು! ಕ್ಯಾ-ಮರ-ಾ. ಜಾವಾಸ್ಕ್ರಿಪ್ಟಿನ 2018ರ ಆವೃತ್ತಿಯಲ್ಲಿ ಪದದ ಹಿಂದೆ ಏನಿದೆ ಎಂದು ನೋಡುವ ಲುಕ್‌ಬಿಹೈಂಡ್ ಬಂತು, ಯೂನಿಕೋಡ್ ಗುಣ ನೋಡುವ ಬ್ಯಾಕ್‌ಸ್ಲ್ಯಾಷ್ ಪಿ ಬಂತು. ಪದದ ಹಿಂದೆ ಮುಂದೆ ಅಕ್ಷರ ಇರಬಾರದು ಎಂದು ಎರಡೂ ಕಡೆ ಬೇಲಿ ಬರೆದೆ. ಕ್ಯಾಮರಾ ಆಗಲೂ ಹೋಗಲಿಲ್ಲ. ಯಾಕೆ ಹೇಳಿ? ಯೂನಿಕೋಡ್ ಲೆಕ್ಕದಲ್ಲಿ ದೀರ್ಘದ ಗುರುತು ಅಕ್ಷರವೇ ಅಲ್ಲ, ಅದು ಮಾರ್ಕ್. ಅಕ್ಷರ ಸೂಚಿಸುವ ಎಲ್ ಜೊತೆ ಮಾರ್ಕ್ ಸೂಚಿಸುವ ಎಂ ಕೂಡ ಸೇರಿಸಿದ ಮೇಲೆ ಕ್ಯಾಮರಾ ತೊಲಗಿತು.

ಅದನ್ನೇ ಮಳೆಗೆ ಹಾಕಿದರೆ ಮಳೆಯಿಂದ, ಮಳೆಗೆ, ಮಳೆಗಾಲ ಎಲ್ಲ ಹೊರಗೆ. ಪದದ ನಂತರದ ಬೇಲಿ ತೆಗೆದರೆ ಅವು ಬಂದವು. ಆದರೆ ಪದಕ್ಕೆ ಮೊದಲಿನ ಬೇಲಿ ಇರುವಷ್ಟು ಕಾಲ, ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬರುವುದಿಲ್ಲ. ಮಾರ್ಚ್ ಏಪ್ರಿಲಿನ ಹೂಮಳೆ ಬಿಟ್ಟು ಕಾಫಿ ತೋಟದವನ ಮುಂದೆ ಮಳೆ ಲೆಕ್ಕ ಇಟ್ಟರೆ ಊಟ ಹಾಕುತ್ತಾರಾ? ಯಾವುದು ಪದ ಅಂತ ಮೊದಲು ನಾವೇ... ಹೌದು, ಆಗಲೇ ಹೇಳಿದೆ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಒಂದೇ ಒಂದು ಮಾತು. "ಕೊಡಗು" ಪದದ ಒತ್ವವನ್ನು ಒಂದೇ ಕೋಡಿನಲ್ಲೂ ಬರೆಯಬಹುದು, ಎತ್ವ ಮತ್ತು ಊತ್ವದ ಎರಡು ಕೋಡ್ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಹುಡುಕಾಟಕ್ಕೆ ಬೇರೆ. ಪಠ್ಯ, ಪದ ಎರಡನ್ನೂ ಮೊದಲು ಎನ್‌ಎಫ್‌ಸಿಗೆ, ಅಂದರೆ ಯೂನಿಕೋಡಿನ ಕೂಡಿಸಿದ ರೂಪಕ್ಕೆ ನಾರ್ಮಲೈಸ್ ಮಾಡಿಕೊಳ್ಳಿ.

ಮಾವನಾ? ಎರಡೂ ಬೇಲಿ ಕಿತ್ತು, ಕೊನೆಗೂ ಒಂದು ಸಂಖ್ಯೆ ಒಪ್ಪಿಸಿದೆ. ಕನ್ನಡಕ ಸರಿಮಾಡಿಕೊಂಡು ಕೇಳಿದರು, "ಇವತ್ತು ಮಳೆ ಇಲ್ಲ ಅಂತ ಬರೆದಿದ್ದೀನಲ್ಲ, ಅದೂ ಇದರಲ್ಲಿ ಸೇರಿತಾ?"

ಸೇರಿತ್ತು.