ಟಕ್ ಅಂದರೆ ಟ್ಯಾಪೆಟ್ಟೇ ಆಗಬೇಕಾ?

(ಕಪ್ಪು ಪರದೆ. ಬೈಕ್ ಓಡುವ ಸದ್ದು ಮಾತ್ರ. ನಡುನಡುವೆ ‘ಟಕ್... ಟಕ್...’)

ಕೇಳಿಸಿತಾ? ಇನ್ನೊಂದು ಸಲ ಕೇಳಿ.

ನಮಸ್ಕಾರ. ಮಂಡ್ಯದಿಂದ ಮೈಸೂರಿಗೆ ದಿನಾ ಬೈಕಲ್ಲಿ ಓಡಾಡುವವನು ನಾನು. 2023ರ ಆಗಸ್ಟ್‌ನಿಂದ ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರೋಡೇ ಗತಿ. ಅಲ್ಲಿ ನಿಧಾನಕ್ಕೆ ಹೋಗುತ್ತೇವೆ, ಹಾಗಾಗಿ ಗಾಡಿಯ ಸಣ್ಣಪುಟ್ಟ ಸದ್ದೂ ಕಿವಿಗೆ ಬೀಳುತ್ತದೆ. ಶ್ರೀರಂಗಪಟ್ಟಣದ ಹತ್ತಿರ ಈ ಟಕ್ ಶುರುವಾಯಿತು.

ಗ್ಯಾರೇಜಿಗೆ ಹೋದೆ. ನಾನು ಹೇಳಿದ್ದನ್ನು ಕೇಳಿದ ಮೆಕ್ಯಾನಿಕ್ ಎರಡು ಸಲ ಆಕ್ಸಿಲರೇಟರ್ ತಿರುವಿ, “ಟ್ಯಾಪೆಟ್ ಕಣಣ್ಣ, ಹೆಡ್ ಬಿಚ್ಬೇಕು” ಅಂದರು. ಟ್ಯಾಪೆಟ್ ಅಂದರೆ ಇಂಜಿನ್ನಿನ ವಾಲ್ವನ್ನು, ಅಂದರೆ ಗಾಳಿ-ಹೊಗೆ ಹೋಗಿಬರುವ ಬಾಗಿಲನ್ನು, ತಳ್ಳುವ ಭಾಗ. ಬಿಚ್ಚಿಸಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ.

ನನ್ನ ಬೈಕಿನ ಐಡ್ಲಿಂಗ್, ಅಂದರೆ ಆಕ್ಸಿಲರೇಟರ್ ಕೊಡದೆ ಇಂಜಿನ್ ಓಡುವುದು, ನಿಮಿಷಕ್ಕೆ ಸುಮಾರು 1400 ಸುತ್ತು. ಫೋರ್ ಸ್ಟ್ರೋಕ್ ಇಂಜಿನ್ನಲ್ಲಿ ಎರಡು ಸುತ್ತಿಗೊಮ್ಮೆ ವಾಲ್ವ್ ತೆರೆಯುತ್ತದೆ. ಅಂದರೆ ನಿಮಿಷಕ್ಕೆ 700, ಸೆಕೆಂಡಿಗೆ ಹತ್ತಿರ ಹತ್ತಿರ 12 ಸಲ. ಟ್ಯಾಪೆಟ್ ಲೂಸಾದರೆ ಹೊಲಿಗೆ ಮಿಷನ್ ಥರ ಟಿಕಟಿಕಟಿಕ ಅನ್ನುತ್ತದೆ. ನನ್ನದು 20ರ ಸ್ಪೀಡಲ್ಲಿ ಸೆಕೆಂಡಿಗೆ ಒಂದು ಟಕ್. ಕೂಡುವುದೇ ಇಲ್ಲ, ಅಲ್ವಾ?

ಅಂದಹಾಗೆ, ನಮ್ಮ ಮೈಸೂರಿನ ಯಾದವಗಿರಿ ಫ್ಯಾಕ್ಟರಿಯ ಹಳೇ ಯೆಜ್ಡಿ ಬೈಕ್ ನಿಮ್ಮ ಹತ್ತಿರ ಇದ್ದು, ಯಾರಾದರೂ ಟ್ಯಾಪೆಟ್ ಅಂದರೆ ಸುಮ್ನೆ ನಕ್ಕುಬಿಡಿ. ಅದು ಟೂ ಸ್ಟ್ರೋಕ್. ವಾಲ್ವೂ ಇಲ್ಲ, ಟ್ಯಾಪೆಟ್ಟೂ ಇಲ್ಲ.

ಸರಿ, ಸದ್ದು ಯಾವುದರ ಜೊತೆ ತಿರುಗುತ್ತಿದೆ? ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ರೇಸ್ ಮಾಡಿ. ಆಗಲೂ ಬಂದರೆ ಇಂಜಿನ್ ಕಡೆಯದು. ನನ್ನದು ಬರಲಿಲ್ಲ. ಖಾಲಿ ರಸ್ತೆಯಲ್ಲಿ, ಕಾಂಪೌಂಡ್ ಗೋಡೆ ಪಕ್ಕ ಹೋಗುತ್ತಾ ಕ್ಲಚ್ ಹಿಡಿದೆ. ಗೋಡೆಗೆ ಬಡಿದ ಸದ್ದು ಚೆನ್ನಾಗಿ ಕೇಳಿಸುತ್ತದೆ. ಇಂಜಿನ್ ಸದ್ದು ತಗ್ಗಿತು, ಟಕ್ ಮಾತ್ರ ನಿಲ್ಲಲಿಲ್ಲ. ಅಂದಮೇಲೆ ಚಕ್ರ, ಬ್ರೇಕ್, ಇಲ್ಲವೇ ಚೈನ್.

(ಕ್ಯಾಮೆರಾ ಹಿಂದಿನ ಚಕ್ರದ ಹತ್ತಿರ. ಟೈರಿನ ಮೇಲೆ ಚಾಕ್‌ಪೀಸ್ ಗುರುತು.)

ಸೆಂಟರ್ ಸ್ಟ್ಯಾಂಡ್, ನ್ಯೂಟ್ರಲ್, ಕೀ ಜೇಬಲ್ಲಿ. ಇಂಜಿನ್ ಓಡುವಾಗ ಇದನ್ನು ಮಾಡಲೇಬೇಡಿ, ಬೆರಳು ಹೋಗುತ್ತದೆ. ಟೈರ್ ಹಿಡಿದು ನಿಧಾನಕ್ಕೆ ತಿರುಗಿಸಿ, ಎಣಿಸಿ. ಸುತ್ತಿಗೊಂದು ಟಕ್ ಬಂದರೆ ಟೈರಿಗೆ ಚುಚ್ಚಿದ ಮೊಳೆಯೋ ಕಲ್ಲೋ, ಬ್ರೇಕೋ ನೋಡಿ. ನನಗೆ 8 ಸುತ್ತಿಗೆ 3 ಟಕ್ ಬಂತು. ಹಿಂದಿನ ಸ್ಪ್ರಾಕೆಟ್‌ಗೆ, ಅಂದರೆ ಚೈನ್ ಕೂರುವ ಹಲ್ಲಿನ ಗಾಲಿಗೆ, 42 ಹಲ್ಲು, ಚೈನಿಗೆ 110 ಲಿಂಕ್. ಒಂದು ಹಲ್ಲಿಗೆ ಒಂದು ಲಿಂಕ್, ಹಾಗಾಗಿ ಚೈನ್ ಪೂರ್ತಿ ಒಂದು ಸುತ್ತು ಬರಲು ಚಕ್ರ 2.6 ಸುತ್ತಬೇಕು. 8 ಸುತ್ತಿಗೆ ಮೂರು! ಚೈನಿನ ಒಂದೇ ಒಂದು ಜಾಗದಲ್ಲಿ ಏನೋ ಇದೆ.

ಇಲ್ಲಿ ನೋಡಿ. ಎಲ್ಲ ಲಿಂಕೂ ಸ್ಪ್ರಾಕೆಟ್ ಬಿಟ್ಟ ತಕ್ಷಣ ನೆಟ್ಟಗಾಗುತ್ತವೆ. ಇದೊಂದು ಮಾತ್ರ ಮಂಡಿನೋವಿನ ಅಜ್ಜನ ಥರ ಮಡಚಿಕೊಂಡೇ ಬರುತ್ತಿದೆ. ಪಿನ್ ಸುತ್ತ ಕೆಂಪಗೆ ತುಕ್ಕು.

ಸೀಮೆಎಣ್ಣೆ ಹಾಕಿ ಉಜ್ಜಿ, ಲಿಂಕ್ ಅತ್ತಿತ್ತ ಆಡಿಸಿ, ಒರೆಸಿ ಚೈನ್ ಲೂಬ್ ಬಿಟ್ಟೆ. ಸಡಿಲವಾಯಿತು. ಮತ್ತೆ ಬಿಗಿಯಾದರೆ ಚೈನ್ ಕಿಟ್, ಅಂದರೆ ಚೈನ್ ಜೊತೆ ಎರಡೂ ಸ್ಪ್ರಾಕೆಟ್, ಬದಲಿಸುತ್ತೇನೆ. ಹಳೇ ಸ್ಪ್ರಾಕೆಟ್‌ಗೆ ಹೊಸ ಚೈನ್ ಹಾಕಿದರೆ ಅದೂ ಬೇಗ ಸವೆಯುತ್ತದೆ.

ಇಂಜಿನ್ ಕೆಳಗಿನಿಂದ ದಪ್ಪಗೆ ಧಡ್ ಧಡ್ ಬಂದರೆ ಮಾತ್ರ ಎಣಿಸುತ್ತಾ ಕೂರಬೇಡಿ. ಆಫ್ ಮಾಡಿ, ಆಯಿಲ್ ನೋಡಿ. ಬ್ರೇಕ್ ಹಿಡಿದಾಗ ಕಬ್ಬಿಣ ಕಬ್ಬಿಣ ಉಜ್ಜಿದ ಹಾಗಿದ್ದರೆ ಗಾಡಿ ಓಡಿಸಬೇಡಿ.

(ಮತ್ತೆ ಕಪ್ಪು ಪರದೆ. ಬೈಕ್ ಓಡುವ ಸದ್ದು. ಟಕ್ ಇಲ್ಲ, ಸಣ್ಣಗೆ ಕಿಣಿಕಿಣಿ ಮಾತ್ರ.)

ಆ ಕಿಣಿಕಿಣಿ ನನ್ನ ಕೀ ಬಂಚಿನದು.