ಹನ್ನೊಂದು ಗಂಟೆಯ ಹಸಿವು

ಎಲ್ಲರಿಗೂ ನಮಸ್ಕಾರ.

ತೂಕ ಇಳಿಸುವ ಬಗ್ಗೆ ಮಾತಾಡಿ ಎಂದರೆ ಎಲ್ಲರೂ ವ್ಯಾಯಾಮದಿಂದ ಶುರು ಮಾಡುತ್ತಾರೆ. ನಾನು ಒಂದು ಬಿಸ್ಕತ್ ಪ್ಯಾಕೆಟ್‌ನಿಂದ ಶುರು ಮಾಡುತ್ತೇನೆ. ಆ ಪ್ಯಾಕೆಟ್ ನನ್ನ ಆಫೀಸಿನ ಮೇಜಿನ ಎರಡನೇ ಡ್ರಾಯರ್‌ನಲ್ಲಿ ಇರುತ್ತಿತ್ತು.

ಆಗ ನನ್ನ ತೂಕ 86 ಕಿಲೋ. ಇಳಿಸಿ ಎಂದರು ಡಾಕ್ಟರು. ನಾನು ಹಟಕ್ಕೆ ಬಿದ್ದು ಬೆಳಿಗ್ಗೆ ಐದೂವರೆಗೆ ಎದ್ದು ಒಂದು ಗಂಟೆ ಬಿರುಸಾಗಿ ನಡೆಯತೊಡಗಿದೆ. ಮನೆಗೆ ಬಂದು ಸ್ನಾನ, ಒಂದು ಲೋಟ ಕಾಫಿ, ಸೀದಾ ಆಫೀಸು. ತಿಂಡಿ ಬಿಟ್ಟಿದ್ದೆ. ನಡೆದು ಕರಗಿಸಿದ್ದೂ ಆಯಿತು, ತಿನ್ನದೆ ಉಳಿಸಿದ್ದೂ ಆಯಿತು, ಎರಡು ಕಡೆಯಿಂದಲೂ ಲಾಭ ಎಂದು ನನ್ನ ಲೆಕ್ಕ. ಎರಡು ತಿಂಗಳಾದ ಮೇಲೆ ತೂಕ ನೋಡಿದರೆ 86 ಕಿಲೋ 400 ಗ್ರಾಂ.

"ಈ ಯಂತ್ರ ಕೆಟ್ಟಿರಬೇಕು" ಎಂದೆ. ಹೆಂಡತಿ ನನ್ನನ್ನು ಪಕ್ಕಕ್ಕೆ ಸರಿಸಿ ತಾನು ಹತ್ತಿ ನೋಡಿದಳು. "ನನ್ನದು ಸರಿಯಾಗೇ ತೋರಿಸ್ತಿದೆಯಲ್ರೀ. ಆಫೀಸಲ್ಲಿ ಏನು ತಿಂತೀರಿ, ಅದನ್ನ ಮೊದಲು ಹೇಳಿ" ಎಂದಳು.

ಅಲ್ಲಿಯವರೆಗೆ ಅದು ತಿನ್ನುವುದು ಎಂದೇ ನನಗೆ ಅನ್ನಿಸಿರಲಿಲ್ಲ. ಹತ್ತೂವರೆ ದಾಟಿದರೆ ಓದಿದ ಸಾಲನ್ನೇ ಮತ್ತೆ ಓದುತ್ತಿದ್ದೆ. ಹನ್ನೊಂದಕ್ಕೆ ಕೈ ತಾನಾಗಿಯೇ ಡ್ರಾಯರ್‌ಗೆ ಹೋಗುತ್ತಿತ್ತು. ಎರಡೇ ಎರಡು ಬಿಸ್ಕತ್ ಎಂದು ಶುರು. ಕಣ್ಣು ಕಂಪ್ಯೂಟರ್ ಮೇಲೆ, ಕೈ ಪ್ಯಾಕೆಟ್ ಒಳಗೆ. ಕೊನೆಗೆ ತಳದಲ್ಲಿದ್ದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ನೆಕ್ಕುತ್ತಿದ್ದೆ. 100 ಗ್ರಾಂ ಸಿಹಿ ಬಿಸ್ಕತ್ತಿನಲ್ಲಿ 450 ಕ್ಯಾಲರಿಗೆ ಕಡಿಮೆ ಇರುವುದಿಲ್ಲ. ನನ್ನಷ್ಟು ತೂಕದವರು ಒಂದು ಗಂಟೆ ಬಿರುಸಾಗಿ ನಡೆದರೆ ಖರ್ಚಾಗುವುದು ಹೆಚ್ಚುಕಡಿಮೆ 350. ಬೆವರು ಸುರಿಸಿ ಕರಗಿಸಿದ್ದೆಲ್ಲ ಐದು ನಿಮಿಷದಲ್ಲಿ ವಾಪಸ್, ಮೇಲೆ ಬಡ್ಡಿ ಬೇರೆ.

ಇದರ ಜೊತೆ ಇನ್ನೊಂದು ಕಳ್ಳ ಲೆಕ್ಕವೂ ಇತ್ತು. ಮಧ್ಯಾಹ್ನ ಎರಡನೇ ಸಲ ಬಡಿಸಿಕೊಳ್ಳುವಾಗ ಮನಸ್ಸು ಹೇಳುತ್ತಿತ್ತು: ಬೆಳಿಗ್ಗೆ ನಡೆದಿದ್ದೀಯಲ್ಲ, ತಿನ್ನು ಪರವಾಗಿಲ್ಲ. ವ್ಯಾಯಾಮ ಮಾಡುವವರಿಗೆಲ್ಲ ಈ ದನಿ ಪರಿಚಯ ಇರುತ್ತದೆ. ಹೊಟ್ಟೆ ಖಾಲಿ ಇದ್ದಷ್ಟೂ ಆ ದನಿ ಜೋರು.

ಇಷ್ಟು ಕೇಳಿದ ಮೇಲೆ ನಾನು "ತಿಂಡಿ ತಿಂದರೆ ತೂಕ ಇಳಿಯುತ್ತದೆ" ಎನ್ನುತ್ತೇನೆ ಎಂದುಕೊಂಡಿರುತ್ತೀರಿ. ಹಾಗೆ ಹೇಳುವುದಿಲ್ಲ. ಅದು ನಿಜವೂ ಅಲ್ಲ.

ಬೆಳಿಗ್ಗೆ ತಿಂದರೆ ಮೈಯೊಳಗಿನ ಒಲೆ ಹತ್ತಿಕೊಳ್ಳುತ್ತದೆ, ದಿನವಿಡೀ ಕೊಬ್ಬು ಉರಿಯುತ್ತದೆ ಎಂಬ ಮಾತು ಬಹಳ ಕೇಳಿದ್ದೇವೆ. ಆ ಒಲೆ ರಾತ್ರಿ ಆರಿರುವುದೇ ಇಲ್ಲ. ನಿದ್ದೆಯಲ್ಲೂ ಹೃದಯ, ಮೆದುಳು, ಲಿವರ್ ಕೆಲಸ ಮಾಡುತ್ತಲೇ ಇರುತ್ತವೆ. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದವರು 2019ರಲ್ಲಿ ತಿಂಡಿ ತಿಂದವರನ್ನೂ ಬಿಟ್ಟವರನ್ನೂ ಹೋಲಿಸಿದ 13 ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದರು. ತಿಂಡಿ ತಿಂದವರು ದಿನಕ್ಕೆ ಸರಾಸರಿ 260 ಕ್ಯಾಲರಿ ಜಾಸ್ತಿಯೇ ತಿಂದಿದ್ದರು. ತಿಂಡಿ ಬಿಟ್ಟವರ ತೂಕ ಅರ್ಧ ಕಿಲೋದಷ್ಟು ಕಡಿಮೆ ಇತ್ತು. ಅಂದರೆ ಸುಮ್ನೆ ಒಂದು ತಿಂಡಿಯನ್ನು ದಿನಕ್ಕೆ ಸೇರಿಸಿದರೆ ಏನೂ ಇಳಿಯುವುದಿಲ್ಲ, ಏರಬಹುದು ಕೂಡ. ಬೆಳಿಗ್ಗೆ ಹಸಿವೇ ಆಗದ, ಮಧ್ಯಾಹ್ನದವರೆಗೆ ಆರಾಮಾಗಿ ಇರುವ ಜನ ಇದ್ದಾರೆ. ಅವರು ಬಲವಂತವಾಗಿ ತಿನ್ನಬೇಕಾಗಿಲ್ಲ. ಇದನ್ನು ಹೇಳಿದ್ದಕ್ಕೆ ಒಂದು ಸಲ ಒಬ್ಬರು ಹಿರಿಯರು ಅರ್ಧಕ್ಕೇ ಎದ್ದು ಹೋದರು. ಇರಲಿ.

ಹಾಗಾದರೆ ಇಲ್ಲಿ ನಿಂತು ಏನು ಮಾತಾಡುತ್ತಿದ್ದೀರಿ ಎಂದು ಕೇಳಬಹುದು. ನಾನು ಮಾತಾಡುತ್ತಿರುವುದು ನನ್ನಂಥವರ ಬಗ್ಗೆ. ವ್ಯಾಯಾಮ ಶುರು ಮಾಡಿರುವವರು, ತಿಂಡಿ ಬಿಟ್ಟು ಹನ್ನೊಂದಕ್ಕೆ ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಳ್ಳುವವರು. ನಮಗೆ ತಿಂಡಿ ಔಷಧಿಯಲ್ಲ, ಕಾವಲುಗಾರ.

ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿ ಒಂದು ಚೊಕ್ಕ ಪ್ರಯೋಗ ನಡೆಯಿತು, ಫಲಿತಾಂಶ ಬಂದದ್ದು 2014ರಲ್ಲಿ. ಒಂದು ಗುಂಪಿನವರು ಬೆಳಿಗ್ಗೆ 11ರೊಳಗೆ ಕನಿಷ್ಠ 700 ಕ್ಯಾಲರಿ ತಿನ್ನಬೇಕು. ಇನ್ನೊಂದು ಗುಂಪಿನವರು ಮಧ್ಯಾಹ್ನದವರೆಗೆ ನೀರು ಮಾತ್ರ. ಆರು ವಾರ ಹೀಗೆ. ತೂಕದಲ್ಲಿ ವ್ಯತ್ಯಾಸ ಬರಲಿಲ್ಲ. ಆದರೆ ತಿಂದವರು ದಿನವಿಡೀ ಜಾಸ್ತಿ ಓಡಾಡಿದ್ದರು. ಯಾರೂ ಅವರಿಗೆ ಓಡಾಡಿ ಎಂದು ಹೇಳಿರಲಿಲ್ಲ. ಅವರೆಲ್ಲ ತೆಳ್ಳಗಿನ ಮೈಯವರು ಎಂಬುದನ್ನೂ ಹೇಳಿಬಿಡುತ್ತೇನೆ. ನನಗೆ ಮಾತ್ರ ಇದು ಅನುಭವದ ಮಾತು. ಖಾಲಿ ಹೊಟ್ಟೆಯ ದಿನಗಳಲ್ಲಿ ಬೆಳಿಗ್ಗೆ ಒಂದು ಗಂಟೆ ಶೂರನ ಹಾಗೆ ನಡೆದು, ಉಳಿದ ದಿನ ಕುರ್ಚಿಗೆ ಅಂಟಿಕೊಂಡಿರುತ್ತಿದ್ದೆ. ಮೊದಲ ಮಹಡಿಗೂ ಲಿಫ್ಟ್.

ಖಾಲಿ ಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ ಕೊಬ್ಬು ಜಾಸ್ತಿ ಕರಗುತ್ತದಂತಲ್ಲ ಎಂದು ಯಾರಾದರೂ ಕೇಳೇ ಕೇಳುತ್ತಾರೆ. ಆ ಒಂದು ಗಂಟೆಯನ್ನಷ್ಟೇ ನೋಡಿದರೆ ಹೌದು, ಉರಿಯುವ ಇಂಧನದಲ್ಲಿ ಕೊಬ್ಬಿನ ಪಾಲು ಜಾಸ್ತಿ. ಆದರೆ ಮೈ ಲೆಕ್ಕ ಹಾಕುವುದು ಗಂಟೆಗಲ್ಲ. 2014ರ ಇನ್ನೊಂದು ಪ್ರಯೋಗದಲ್ಲಿ 20 ಯುವತಿಯರು ನಾಲ್ಕು ವಾರ ವಾರಕ್ಕೆ ಮೂರು ಗಂಟೆ ವ್ಯಾಯಾಮ ಮಾಡಿದರು. ಅರ್ಧ ಜನ ಖಾಲಿ ಹೊಟ್ಟೆಯಲ್ಲಿ, ಅರ್ಧ ಜನ ತಿಂದು. ಎರಡೂ ಗುಂಪು ಅಳತೆಯ ಊಟ ಮಾಡಿತ್ತು. ಕೊನೆಗೆ ಕರಗಿದ ಕೊಬ್ಬಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ನಿಮಗೆ ಖಾಲಿ ಹೊಟ್ಟೆಯಲ್ಲಿ ನಡೆಯುವುದೇ ಹಗುರ ಅನ್ನಿಸಿದರೆ ಹಾಗೇ ನಡೆಯಿರಿ. ಬಂದ ಮೇಲೆ ತಿನ್ನುವುದನ್ನು ಬಿಡಬೇಡಿ, ಅಷ್ಟೇ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಹೊಟ್ಟೆ ತುಂಬುವುದು ಬೇರೆ, ಕ್ಯಾಲರಿ ತುಂಬುವುದು ಬೇರೆ.

1995ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಸುಸಾನಾ ಹೋಲ್ಟ್ ಮತ್ತು ಜೊತೆಗಾರರು 38 ತಿನಿಸುಗಳನ್ನು ತೆಗೆದುಕೊಂಡರು. ಎಲ್ಲದರಿಂದಲೂ ಸಮನಾಗಿ ಸುಮಾರು 240 ಕ್ಯಾಲರಿಯಷ್ಟು ಕೊಟ್ಟು, ಎರಡು ಗಂಟೆಯವರೆಗೆ ಹೊಟ್ಟೆ ಎಷ್ಟು ತುಂಬಿದೆ ಎಂದು ಕೇಳುತ್ತಾ ಹೋದರು. ಬಿಳಿ ಬ್ರೆಡ್ಡಿಗೆ 100 ಅಂಕ ಎಂದು ಇಟ್ಟುಕೊಂಡರು. ಕ್ರೋಸಾಂ ಎಂಬ ಬೆಣ್ಣೆ ತುಂಬಿದ ಫ್ರೆಂಚ್ ಬನ್ನಿಗೆ ಬಂದದ್ದು 47. ಬೇಯಿಸಿದ ಆಲೂಗಡ್ಡೆಗೆ ಎಷ್ಟು ಗೊತ್ತಾ? 323! ತೂಕ ಇಳಿಸುವವರೆಲ್ಲ ಬೈಯುವ ಆ ಆಲೂಗಡ್ಡೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ. ಅದೇ ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಕರಿದರೆ ಕಥೆಯೇ ಬೇರೆ, ಅದು ನಿಮಗೆ ಗೊತ್ತು.

ಕಾರಣ ಸರಳ. ಬೇಯಿಸಿದ ಆಲೂಗಡ್ಡೆಯಲ್ಲಿ ನೀರು ಜಾಸ್ತಿ, ಗಾತ್ರ ಜಾಸ್ತಿ. ಹೊಟ್ಟೆಗೆ ಕ್ಯಾಲರಿ ಎಣಿಸಲು ಬರುವುದಿಲ್ಲ, ಹಿಗ್ಗುವುದು ಗೊತ್ತಾಗುತ್ತದೆ. ಒಂದು ಗ್ರಾಂ ಕೊಬ್ಬಿನಲ್ಲಿ 9 ಕ್ಯಾಲರಿ, ಪ್ರೋಟೀನಿನಲ್ಲಿ 4, ಪಿಷ್ಟದಲ್ಲೂ 4, ನೀರಿನಲ್ಲಿ ಸೊನ್ನೆ. ನೀರು ಮತ್ತು ನಾರು ತುಂಬಿದ ತಿಂಡಿ ಜಾಗ ಹಿಡಿಯುತ್ತದೆ, ಕ್ಯಾಲರಿ ಹೊತ್ತು ತರುವುದಿಲ್ಲ.

ಪ್ರೋಟೀನ್ ಇನ್ನೊಂದು ದಾರಿಯಲ್ಲಿ ಕೆಲಸ ಮಾಡುತ್ತದೆ. ಅದು ಕರುಳಿಗೆ ಬಂದಾಗ "ಸಾಕು" ಎಂದು ಮೆದುಳಿಗೆ ಹೇಳುವ ಹಾರ್ಮೋನುಗಳು ಜಾಸ್ತಿ ಹೊರಡುತ್ತವೆ. ಜೊತೆಗೆ ಅದನ್ನು ಅರಗಿಸುವುದಕ್ಕೇ ಅದರ ಕ್ಯಾಲರಿಯಲ್ಲಿ 20ರಿಂದ 30 ಶೇಕಡಾ ಖರ್ಚಾಗಿಬಿಡುತ್ತದೆ. ಕೊಬ್ಬಿಗೆ ಈ ಖರ್ಚು 3 ಶೇಕಡಾ ದಾಟುವುದಿಲ್ಲ. ತಿಂಡಿ ಬಿಡುವ ಅಭ್ಯಾಸವಿದ್ದ, ತೂಕ ಜಾಸ್ತಿಯಿದ್ದ ಹದಿಹರೆಯದ ಹುಡುಗಿಯರಿಗೆ 350 ಕ್ಯಾಲರಿಯ ತಿಂಡಿ ಕೊಟ್ಟು ನೋಡಿದ್ದಾರೆ, 2013ರಲ್ಲಿ ಪ್ರಕಟವಾದ ಕೆಲಸ. ಕೆಲವು ದಿನ ಅದರಲ್ಲಿ 13 ಗ್ರಾಂ ಪ್ರೋಟೀನ್, ಕೆಲವು ದಿನ 35 ಗ್ರಾಂ. 35 ಗ್ರಾಂ ತಿಂದ ದಿನಗಳಲ್ಲಿ ಅವರು ರಾತ್ರಿ ಹೊತ್ತು ಕುರುಕಲು ತಿನ್ನುವುದು ಕಡಿಮೆಯಾಯಿತು. ಬೆಳಿಗ್ಗೆ ತಿಂದದ್ದರ ಪರಿಣಾಮ ರಾತ್ರಿಗೆ! ನನಗೆ ಇದನ್ನು ಓದಿ ಡ್ರಾಯರ್ ನೆನಪಾಯಿತು.

ಇನ್ನು ಜ್ಯೂಸ್. ವ್ಯಾಯಾಮ ಮುಗಿಸಿ ಬಂದವರು ಆರೋಗ್ಯ ಅಂತ ಕುಡಿಯುವುದೇ ಇದನ್ನು. ಮನೆಯಲ್ಲಿ ಒಂದು ಲೋಟ ಕಿತ್ತಳೆ ಜ್ಯೂಸ್ ಮಾಡಿ ನೋಡಿ. ಮೂರು ಹಣ್ಣು ಬೇಕು. ಹಿಂಡಿದ ಮೇಲೆ ಸೋಸುವ ಜರಡಿಯಲ್ಲಿ ಒಂದು ಮುಷ್ಟಿ ಹಿಪ್ಪೆ ಉಳಿಯುತ್ತದೆ, ಒದ್ದೆಯಾಗಿ, ಹಳದಿಯಾಗಿ. ನಮಗೆ ಬೇಕಾಗಿದ್ದ ನಾರು ಅದೇ. ಅದನ್ನು ಕಸದ ಬುಟ್ಟಿಗೆ ಹಾಕಿ, ಮೂರು ಹಣ್ಣಿನ ಸಕ್ಕರೆಯನ್ನು ನಾಲ್ಕು ಗುಟುಕಿನಲ್ಲಿ ಕುಡಿಯುತ್ತೇವೆ. ಅದೇ ಮೂರು ಹಣ್ಣನ್ನು ಸುಲಿದು, ಎಸಳು ಬಿಡಿಸಿ ತಿನ್ನಿ ನೋಡೋಣ. ಎರಡನೆಯದಕ್ಕೇ ಸಾಕಾಗುತ್ತದೆ.

ಇಂಥ ಸಿಹಿ ತಿಂಡಿಯ ಇನ್ನೊಂದು ತೊಂದರೆ ಎರಡು ಮೂರು ಗಂಟೆ ಬಿಟ್ಟು ಬರುತ್ತದೆ. ರಕ್ತದ ಸಕ್ಕರೆ ಜರ್ರನೆ ಏರಿ, ಕೆಲವರಿಗೆ ಮೊದಲಿದ್ದ ಮಟ್ಟಕ್ಕಿಂತಲೂ ಕೆಳಗೆ ಇಳಿಯುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನವರು ಸಾವಿರಕ್ಕೂ ಹೆಚ್ಚು ಜನರ ಮೇಲೆ ಇದನ್ನು ಗಮನಿಸಿ 2021ರಲ್ಲಿ ಬರೆದರು. ಹಾಗೆ ಜೋರಾಗಿ ಇಳಿದವರು ಉಳಿದವರಿಗಿಂತ ಸುಮಾರು ಅರ್ಧ ಗಂಟೆ ಮುಂಚೆಯೇ ಮತ್ತೆ ತಿಂದರು, ದಿನಕ್ಕೆ 300ರಷ್ಟು ಕ್ಯಾಲರಿ ಜಾಸ್ತಿಯೇ ತಿಂದರು. ನನ್ನ ಹನ್ನೊಂದು ಗಂಟೆಯನ್ನು ಯಾರೋ ದೂರದಲ್ಲಿ ಕೂತು ಅಳೆದ ಹಾಗಿತ್ತು.

ನಾನು ಏನು ತಿನ್ನುತ್ತೇನೆ ಎಂದು ಹೇಳಿಬಿಡುತ್ತೇನೆ, ಹೇಳದೆ ಹೋದರೆ ಬಿಡುವುದಿಲ್ಲ ನೀವು. 40 ಗ್ರಾಂ ಓಟ್ಸ್, 200 ಮಿಲಿ ಹಾಲಿನಲ್ಲಿ ಬೇಯಿಸಿದ್ದು. ಸಕ್ಕರೆ ಇಲ್ಲ. ಎರಡು ಬೇಯಿಸಿದ ಮೊಟ್ಟೆ. ಸಿಪ್ಪೆ ಸಮೇತ ಒಂದು ಸೇಬು. ಒಟ್ಟು 500 ಕ್ಯಾಲರಿ ಆಸುಪಾಸು, ಪ್ರೋಟೀನ್ 23-24 ಗ್ರಾಂ, ನಾರು 8 ಗ್ರಾಂ. ಮೊಟ್ಟೆ ತಿನ್ನದವರು ಒಂದು ಕಪ್ ಬೇಯಿಸಿದ ಕಾಬೂಲಿ ಕಡಲೆ ಹಾಕಿಕೊಳ್ಳಿ. 14 ಗ್ರಾಂ ಪ್ರೋಟೀನ್, 12 ಗ್ರಾಂ ನಾರು ಸಿಗುತ್ತದೆ. ಕ್ಯಾಲರಿ ಮೊಟ್ಟೆಗಿಂತ ನೂರು ಜಾಸ್ತಿ, ಓಟ್ಸ್ ಸ್ವಲ್ಪ ಕಡಿಮೆ ಮಾಡಿದರೆ ಆಯಿತು. ದಿನಾ ಇದನ್ನೇ ತಿನ್ನಬೇಕು ಅಂತೇನಿಲ್ಲ. ನಿಮ್ಮ ಮನೆಯ ತಿಂಡಿ ಯಾವುದೇ ಇರಲಿ, ಪ್ರೋಟೀನ್ ಎಲ್ಲಿದೆ, ನಾರು ಎಲ್ಲಿದೆ ಎಂದು ತಟ್ಟೆಯನ್ನೇ ಕೇಳಿ. ಎರಡಕ್ಕೂ ಉತ್ತರ ಸಿಗದೆ ಹೋದರೆ ಹನ್ನೊಂದಕ್ಕೆ ಗೊತ್ತಾಗುತ್ತದೆ.

ಒಂದು ಎಚ್ಚರಿಕೆ. ಆರೋಗ್ಯಕರ ಎಂಬ ಹೆಸರಿದ್ದರೆ ಲೆಕ್ಕ ಬೇಡ ಎಂದಲ್ಲ. ಶುರುವಿನಲ್ಲಿ ಓಟ್ಸ್ ಮೇಲೆ ಕಡಲೆಕಾಯಿ ಬೀಜ ಉದುರಿಸಿಕೊಳ್ಳುತ್ತಿದ್ದೆ. ಒಂದು ದಿನ ಮಗಳು ಅಡುಗೆಮನೆಯ ತಕ್ಕಡಿ ತಂದು ನನ್ನ ಮುಂದೆ ಇಟ್ಟಳು. "ಅಪ್ಪಾ, ನೀವು ಒಂದು ಮುಷ್ಟಿ ಅಂತ ಹಾಕೋದು ಎಷ್ಟು ಅಂತ ನೋಡೋಣ." 70 ಗ್ರಾಂ! ಹತ್ತಿರ ಹತ್ತಿರ 400 ಕ್ಯಾಲರಿ, ತಿಂಡಿಯ ಮೇಲೆ ಇನ್ನೊಂದು ತಿಂಡಿ. ಈಗ 15 ಗ್ರಾಂಗೆ ಇಳಿದಿದೆ, ಅದೂ ಕೆಲವು ದಿನ ಮಾತ್ರ. ಜಾಸ್ತಿ ಸಕ್ಕರೆ ಹಾಕಿದ ಡಬ್ಬಿ ಸೀರಿಯಲ್ ಕೂಡ ಇದೇ ಜಾತಿಗೆ ಸೇರಿದ್ದು. ಡಬ್ಬಿಯ ಮುಂದಿನ ಚಿತ್ರ ನೋಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ.

ಹೊತ್ತಿನ ವಿಷಯ ಬೇಗ ಹೇಳುತ್ತೇನೆ. ಹೊಟ್ಟೆ ತುಂಬ ತಿಂದರೆ ಓಟಕ್ಕೋ ಜಿಮ್‌ಗೋ ಹೋಗುವ ಮುಂಚೆ ಎರಡು ಮೂರು ಗಂಟೆ ಬಿಡಿ. ಅಷ್ಟು ಹೊತ್ತು ಇಲ್ಲದಿದ್ದರೆ ಹೋಗುವ ಮುಂಚೆ ಅರ್ಧ ಬಾಳೆಹಣ್ಣು, ಬಂದ ಮೇಲೆ ಪೂರ್ತಿ ತಿಂಡಿ. ನಡಿಗೆಗೆ ಅದೂ ಬೇಕಾಗುವುದಿಲ್ಲ. ಆದರೆ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯ ವ್ಯಾಯಾಮವನ್ನು ತಮ್ಮ ಡಾಕ್ಟರನ್ನು ಕೇಳದೆ ಮಾಡಬೇಡಿ. ದಾರಿಯಲ್ಲೇ ಸಕ್ಕರೆ ಇಳಿದು ಕುಸಿಯಬಹುದು.

ಬೆಳಿಗ್ಗೆ ಟೈಮ್ ಇಲ್ಲ ಎನ್ನುವವರಿಗೆ ನನ್ನ ಬಳಿ ದೊಡ್ಡ ಉಪಾಯವೇನೂ ಇಲ್ಲ. ಮೊಟ್ಟೆ, ಕಡಲೆ ರಾತ್ರಿಯೇ ಬೇಯಿಸಿ ಫ್ರಿಜ್‌ನಲ್ಲಿಡಿ. ಬೆಳಿಗ್ಗೆ ಹಸಿವೇ ಆಗುವುದಿಲ್ಲ, ಹನ್ನೊಂದಕ್ಕೆ ಮಾತ್ರ ವಿಪರೀತ ಎನ್ನುವವರು ರಾತ್ರಿ ಊಟ ಎಷ್ಟು ಹೊತ್ತಿಗೆ, ಎಷ್ಟು ಎಂದು ಒಮ್ಮೆ ನೋಡಿಕೊಳ್ಳಿ. ನಾನು ರಾತ್ರಿ ಹತ್ತೂವರೆಗೆ ಉಣ್ಣುತ್ತಿದ್ದವನು ಎಂಟಕ್ಕೆ ಬಂದ ಮೇಲೆ ಬೆಳಗಿನ ಹಸಿವು ಅದಾಗಿಯೇ ಬಂತು.

ನನ್ನ ತೂಕ ಈಗ 77. ಹದಿನಾಲ್ಕು ತಿಂಗಳು ಹಿಡಿಯಿತು. ತಿಂಡಿ ಒಂದರಿಂದಲೇ ಇಳಿದದ್ದಲ್ಲ. ನಡಿಗೆ ಇತ್ತು, ರಾತ್ರಿ ಊಟ ಸಣ್ಣದಾಯಿತು. ತಿಂಡಿ ಇವೆರಡನ್ನೂ ಕಾಯಿತು.

ಕೊನೆಗೆ ಒಂದು ಸಣ್ಣ ಪುಸ್ತಕ ತಂದಿದ್ದೇನೆ, ಹಿಂದೆ ಕೂತವರಿಗೆ ಕಾಣಲಿಕ್ಕಿಲ್ಲ. ತಿಂಡಿ ಶುರು ಮಾಡಿದ ಮೊದಲ ವಾರ ಇದರಲ್ಲಿ ಎರಡೇ ವಿಷಯ ಬರೆಯುತ್ತಿದ್ದೆ: ಬೆಳಿಗ್ಗೆ ಏನು ತಿಂದೆ, ಮತ್ತೆ ನಿಜವಾಗಿ ಹಸಿವಾದದ್ದು ಎಷ್ಟು ಹೊತ್ತಿಗೆ. ಮಂಗಳವಾರ, ಓಟ್ಸ್, ಮೊಟ್ಟೆ, ಸೇಬು: 12:50. ಗುರುವಾರ, ಕಡಲೆ, ಮೊಸರು, ಹಣ್ಣು: 1:10. ಶನಿವಾರ ಎದ್ದದ್ದು ತಡವಾಗಿತ್ತು. ಬ್ರೆಡ್, ಜಾಮ್, ಒಂದು ಲೋಟ ಜ್ಯೂಸ್. ಅದರ ಮುಂದೆ 10:40 ಎಂದು ಬರೆದಿದೆ, ಪಕ್ಕದಲ್ಲಿ ಬಿಸ್ಕತ್ತಿನ ಎಣ್ಣೆ ಕಲೆಯೂ ಇದೆ. ಪುಸ್ತಕ ಇಲ್ಲೇ ಮೇಜಿನ ಮೇಲೆ ಇಟ್ಟಿರುತ್ತೇನೆ, ಬೇಕಾದವರು ನೋಡಬಹುದು. ಈಗ ಪ್ರಶ್ನೆ ಇದ್ದವರು ಕೇಳಿ.