ಮಾರ್ಗದರ್ಶಿ ನಾಯಿಗೆ ಅರ್ಜಿ ಹಾಕುವ ಮುನ್ನ

ಕೇಳುಗರಿಗೆ ನಮಸ್ಕಾರ.

ದೃಷ್ಟಿಯಿಲ್ಲದ ನಮ್ಮಂಥವರು ಮಾರ್ಗದರ್ಶಿ ನಾಯಿಯ ಮಾತೆತ್ತಿದರೆ, ‘ಸಂತೆಗೆ ಎಂದರೆ ಅದೇ ಕರೆದೊಯ್ಯುತ್ತದೆಯೇ?’ ಎಂದು ಹಲವರು ಕೇಳುತ್ತಾರೆ. ಇಲ್ಲ. ದಾರಿ ಗೊತ್ತಿರಬೇಕಾದದ್ದು ನಮಗೆ. ಚರಂಡಿ, ಮೆಟ್ಟಿಲು, ರಸ್ತೆಯಂಚಿಗೆ ನಿಲ್ಲಿಸಿದ ಜೀಪು ಇವುಗಳಿಂದ ನಮ್ಮನ್ನು ತಪ್ಪಿಸುವುದು, ವಾಹನ ಮೇಲೆ ಬರುತ್ತಿದ್ದರೆ ನಾವು ‘ನಡೆ’ ಎಂದರೂ ಹೆಜ್ಜೆ ಇಡದೆ ನಿಲ್ಲುವುದು ನಾಯಿಯ ಕೆಲಸ. ಆದ್ದರಿಂದ ಅರ್ಜಿಗಿಂತ ಮೊದಲು ಬಿಳಿಕೋಲಿನಲ್ಲಿ ಸ್ವತಂತ್ರವಾಗಿ ನಡೆಯಲು ಕಲಿಯಿರಿ. ಕೊಡಗಿನ ಕಕ್ಕಡ ತಿಂಗಳ ಮಳೆ ಕೊಡೆಯ ಮೇಲೆ ಸುರಿಯುವಾಗ ವಾಹನದ ಸದ್ದೇ ಅಡಗಿಹೋಗುವ ನಮ್ಮ ಊರಿನಲ್ಲಿ, ಕಾಲುದಾರಿಯಿಲ್ಲದ ಇಳಿಜಾರು ರಸ್ತೆಯಲ್ಲಿ, ಎರಡು ಮೂರು ದಾರಿಗಳಾದರೂ ನಿಮಗೆ ಕರಗತವಾಗಿರಲಿ.

ಇಂಥ ನಾಯಿಗಳಿಗೆ ತರಬೇತಿ ಕೊಡುವ, ನಾವು ಅರ್ಜಿ ಹಾಕಬೇಕಾದಂಥ ಶಾಲೆಗಳಲ್ಲಿ ಮೊದಲನೆಯದು 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ, ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಆರಂಭವಾಯಿತು. ಮನೆಮನೆಯಲ್ಲೂ ಸೈನಿಕರಿರುವ ಕೊಡಗಿಗೆ ಇದು ದೂರದ ಸಂಗತಿಯಲ್ಲ. ಅಮೆರಿಕದ ‘ದಿ ಸೀಯಿಂಗ್ ಐ’ ಶಾಲೆ 1929ರಿಂದ ನಡೆಯುತ್ತಿದೆ. ಇಂದಿಗೂ ಹೆಚ್ಚಿನ ಶಾಲೆಗಳು ಹೊರದೇಶಗಳಲ್ಲೇ ಇರುವುದರಿಂದ, ಪರದೇಶದವರ ಅರ್ಜಿ ಸ್ವೀಕರಿಸುತ್ತಾರೆಯೇ ಎಂಬುದನ್ನು ಮೊದಲು ಕೇಳಬೇಕು. ಅಂತರರಾಷ್ಟ್ರೀಯ ಮಾರ್ಗದರ್ಶಿ ನಾಯಿ ಒಕ್ಕೂಟದ ಮಾನ್ಯತೆ ಇದೆಯೇ, ನಾಯಿಯ ಒಡೆತನ ಶಾಲೆಯದೋ ನಮ್ಮದೋ ಎಂಬುದನ್ನೂ ಲಿಖಿತವಾಗಿ ತಿಳಿದುಕೊಳ್ಳಿ. ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ: ಊರಿಗೆ ಮರಳಿದ ಆರು ತಿಂಗಳಿಗೆ ನಾಯಿ ಕೆಲಸದಲ್ಲಿ ಎಡವಿದರೆ ಯಾರು ಬಂದು ತಿದ್ದುತ್ತಾರೆ? ಅದಕ್ಕೆ ಸ್ಪಷ್ಟ ಉತ್ತರ ಕೊಡದ ಶಾಲೆ ಎಷ್ಟೇ ಹೆಸರುವಾಸಿಯಾಗಿದ್ದರೂ ನಮಗೆ ಹೊಂದುವುದಿಲ್ಲ. ನಾಯಿಯನ್ನು ಭಾರತಕ್ಕೆ ತರಲು ಪಶು ಕ್ವಾರಂಟೈನ್ ಕಚೇರಿಯ ನಿರಾಕ್ಷೇಪಣಾ ಪತ್ರವೂ ಬೇಕಾಗುತ್ತದೆ.

ಅರ್ಜಿಯೊಂದಿಗೆ ವೈದ್ಯರ ಹಾಗೂ ನೇತ್ರತಜ್ಞರ ವರದಿ ಕೇಳುತ್ತಾರೆ; ನೀವು ನಡೆಯುವ ವೀಡಿಯೊ ಕೇಳಬಹುದು ಅಥವಾ ಮನೆಗೇ ಬಂದು ನೋಡಬಹುದು. ಕೆಲವೊಮ್ಮೆ ತರಬೇತುದಾರರೇ ನಾಯಿಯ ಜಾಗದಲ್ಲಿ ನಿಂತು, ನಾಯಿಯ ಮೈಗೆ ಕಟ್ಟುವ ಪಟ್ಟಿಯ ಹಿಡಿಯನ್ನು ನಿಮ್ಮ ಕೈಗೆ ಕೊಟ್ಟು ನಡೆಸಿ ನೋಡುತ್ತಾರೆ. ಆ ದಿನ ಚುರುಕು ತೋರಿಸಲು ಬಿರುಸಾಗಿ ನಡೆಯಬೇಡಿ. ನಿಮ್ಮ ನಡಿಗೆಯ ವೇಗಕ್ಕೆ ತಕ್ಕ ನಾಯಿಯನ್ನೇ ಅವರು ಆರಿಸುವುದರಿಂದ, ಅಂದಿನ ಸುಳ್ಳು ವೇಗ ಮುಂದೆ ವರ್ಷಗಟ್ಟಲೆ ನಿಮ್ಮನ್ನು ಎಳೆದಾಡುತ್ತದೆ. ಶಾಲೆಯಲ್ಲಿ ನಾಯಿಯೊಂದಿಗೆ ಕೆಲವು ವಾರ ತಂಗಬೇಕಾಗುವುದರಿಂದ, ಕಾಫಿ ಕೊಯ್ಲಿನ ತಿಂಗಳುಗಳನ್ನು ಬಿಟ್ಟು ಸಮಯ ಕೇಳಿಕೊಳ್ಳುವುದು ತೋಟದ ಮನೆಯವರಿಗೆ ಅನುಕೂಲ.

ಇನ್ನು ಮನೆಯ ಸಿದ್ಧತೆ. ತೋಟದಲ್ಲಿ ಉಣ್ಣಿ, ಜಿಗಣೆಗಳ ಕಾಟವಿರುವುದರಿಂದ ಹತ್ತಿರದ ಪಶುವೈದ್ಯರನ್ನು ಮೊದಲೇ ಕಾಣಿರಿ. ಊಟದ ಹೊತ್ತಿಗೆ ಯಾರೂ ನಾಯಿಗೆ ತುತ್ತು ಹಾಕಬಾರದೆಂದು ಮನೆಯವರಿಗೆ ಹೇಳಿ. ಅಕ್ಕಪಕ್ಕದ ತೋಟದವರ ಬಳಿಗೆ ಖುದ್ದಾಗಿ ಹೋಗಿ, ನೀವು ಓಡಾಡುವ ಹೊತ್ತಿನಲ್ಲಿ ಅವರ ಕಾವಲು ನಾಯಿಗಳನ್ನು ಕಟ್ಟಿಹಾಕುವಂತೆ ವಿನಂತಿಸಿ. ಈ ಮಾತುಕತೆ ನಿಮ್ಮ ನಾಯಿ ಬರುವ ಮೊದಲೇ ಮುಗಿದಿರಲಿ.

ನಮಸ್ಕಾರ.